ಹಗ್ಗದ ಓಣಿ: 16–17ನೇ ಶತಮಾನದ ಇಟಲಿಯಲ್ಲಿ ಕಾನೂನು, ಅಧಿಕಾರ ಮತ್ತು ಬೀದಿ

ರೋಮ್ ನಗರದಲ್ಲಿ ಕಾಂಪೊ ದೆ ಫಿಯೋರಿ ಎಂಬ ಚೌಕದ ಪಕ್ಕ ಒಂದು ಸಣ್ಣ ಓಣಿಯಿದೆ. ವಿಯಾ ದೆಲ್ಲಾ ಕೋರ್ದಾ ಅದರ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಹಗ್ಗದ ಓಣಿ. ನಾನೂರು ವರ್ಷಗಳ ಹಿಂದೆ ಇಲ್ಲಿ ತಪ್ಪಿತಸ್ಥರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಆ ಕಟ್ಟಿಗೆ ಹಗ್ಗ ಬಿಗಿದು, ರಾಟೆಯ ಮೇಲೆ ಎಳೆದು ಜನರೆದುರು ನೇತುಹಾಕುತ್ತಿದ್ದರು. ಸರ್ಕಾರದ ಆಜ್ಞೆಗಳಲ್ಲಿ ಇದಕ್ಕೆ ಅಳತೆಯೂ ಇತ್ತು: ಇಂಥ ತಪ್ಪಿಗೆ ಹಗ್ಗದ ಮೂರು ಎಳೆತ ಎಂದು ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದರು. ಭುಜದ ಕೀಲು ತಪ್ಪಿದವನು ಮುಂದೆ ಸುತ್ತಿಗೆಯನ್ನೋ ಕುಂಚವನ್ನೋ ಹಿಡಿಯುವುದು ಕಷ್ಟವಾಗುತ್ತಿತ್ತು.

ಆ ಕಾಲದ ಇಟಲಿಯೆಂದರೆ ನಮ್ಮ ಕಣ್ಣಿಗೆ ಮೊದಲು ಬರುವುದು ಚಿತ್ರ, ಶಿಲ್ಪ, ಗುಮ್ಮಟಗಳು. ಅವುಗಳ ನೆರಳಿನಲ್ಲಿ ಬದುಕಿದ ಜನರನ್ನು ಕಾನೂನು ಹೇಗೆ ಮುಟ್ಟುತ್ತಿತ್ತು, ಯಾರನ್ನು ಮುಟ್ಟದೆ ಬಿಡುತ್ತಿತ್ತು ಎಂಬುದು ಅಷ್ಟೇ ಮುಖ್ಯವಾದ ಚರಿತ್ರೆ. ಅದನ್ನು ತಿಳಿಯಲು ರೋಮ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿನ ನ್ಯಾಯಾಲಯಗಳ ದಫ್ತರುಗಳು ಇಂದಿಗೂ ಓದಲು ಸಿಗುತ್ತವೆ.

ದೇಶ ಒಂದಲ್ಲ, ದೊರೆ ಒಬ್ಬನಲ್ಲ

1861ರವರೆಗೆ ಇಟಲಿ ಎಂಬ ಒಂದು ರಾಜ್ಯವೇ ಇರಲಿಲ್ಲ. ವೆನಿಸ್ ಒಂದು ಗಣರಾಜ್ಯ. ಫ್ಲಾರೆನ್ಸ್ ಸುತ್ತಲಿನ ಟಸ್ಕನಿ ಮೆದಿಚಿ ಮನೆತನದ್ದು. ಮಿಲಾನ್ ಮತ್ತು ನೇಪಲ್ಸ್ ಎರಡೂ ಸ್ಪೇನ್ ದೊರೆಯ ಅಧೀನದಲ್ಲಿದ್ದವು. ನಡುವೆ ಪೋಪರ ರಾಜ್ಯ. ಅದರ ರಾಜಧಾನಿ ರೋಮ್. ಪೋಪರು ಧರ್ಮಗುರುವೂ ಹೌದು, ಸೈನ್ಯ, ಸೆರೆಮನೆ, ತೆರಿಗೆ ಎಲ್ಲವೂ ಇದ್ದ ರಾಜರೂ ಹೌದು. ಒಂದು ರಾಜ್ಯದಲ್ಲಿ ಕೊಲೆ ಮಾಡಿದವನು ಕುದುರೆ ಏರಿ ಒಂದೆರಡು ದಿನ ಓಡಿದರೆ ಇನ್ನೊಂದು ರಾಜ್ಯದ ಗಡಿ ಸಿಗುತ್ತಿತ್ತು. ಕಾನೂನಿನ ಕೈ ಎಷ್ಟು ಉದ್ದವೆಂಬುದನ್ನು ಈ ಗಡಿಗಳೇ ನಿರ್ಧರಿಸುತ್ತಿದ್ದವು.

ಒಂದೇ ಊರು, ಹಲವು ಕಚೇರಿ

ರೋಮ್ ಒಳಗೇ ಹಲವು ನ್ಯಾಯಾಲಯಗಳಿದ್ದವು. ಅಪರಾಧ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಗವರ್ನರನದು. ಪೋಪರು ನೇಮಿಸುತ್ತಿದ್ದ ಈ ಅಧಿಕಾರಿಯ ಸೆರೆಮನೆ ಟೈಬರ್ ನದಿಯ ದಂಡೆಯ ತೋರ್ ದಿ ನೋನಾ ಗೋಪುರ. ಕ್ಯಾಪಿಟಲ್ ಗುಡ್ಡದ ಮೇಲೆ ನಗರಸಭೆಯ ಹಳೆಯ ನ್ಯಾಯಾಲಯ. ಪಾದ್ರಿಗಳ ಮತ್ತು ನಡತೆಯ ವ್ಯಾಜ್ಯಗಳಿಗೆ ಪೋಪರ ಪ್ರತಿನಿಧಿಯಾದ ವಿಕಾರ್‌ನ ನ್ಯಾಯಾಲಯ. ಧರ್ಮದ್ರೋಹದ ಆರೋಪಗಳಿಗೆ 1542ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್. ಇವು ಸಾಲದೆಂಬಂತೆ ಸಾವೆಲ್ಲಿ ಎಂಬ ಕುಲೀನ ಮನೆತನಕ್ಕೆ ತಲೆತಲಾಂತರದ ಹಕ್ಕಾಗಿ ಸ್ವಂತ ನ್ಯಾಯಾಲಯ, ಸ್ವಂತ ಸೆರೆಮನೆ ಇದ್ದವು.

ಯಾವ ಪ್ರಕರಣ ಯಾರ ಹದ್ದಿಗೆ ಸೇರಿದ್ದು ಎಂಬ ಜಗಳ ಮುಗಿಯುತ್ತಲೇ ಇರಲಿಲ್ಲ. ಚರ್ಚ್ ಒಳಗೆ ಹೊಕ್ಕವನಿಗೆ ಆಶ್ರಯದ ಹಕ್ಕಿತ್ತು. ವಿದೇಶಿ ರಾಯಭಾರಿಗಳ ಮನೆಯಷ್ಟೇ ಅಲ್ಲ, ಸುತ್ತಲಿನ ಬೀದಿಗಳಿಗೂ ಪೊಲೀಸರು ಕಾಲಿಡುವಂತಿರಲಿಲ್ಲ. 1687ರಲ್ಲಿ 11ನೇ ಇನ್ನೊಸೆಂಟ್ ಪೋಪ್ ಈ ರಿಯಾಯಿತಿಯನ್ನು ರದ್ದು ಮಾಡಿದಾಗ ಫ್ರಾನ್ಸಿನ ದೊರೆ 14ನೇ ಲೂಯಿ ಒಪ್ಪಲಿಲ್ಲ. ಅವನ ರಾಯಭಾರಿ ಶಸ್ತ್ರಧಾರಿ ಪಡೆಯನ್ನೇ ಕಟ್ಟಿಕೊಂಡು ರೋಮ್ ನಗರವನ್ನು ಹೊಕ್ಕ. ಕೆಲವು ಬೀದಿಗಳಲ್ಲಿ ಕಳ್ಳರನ್ನು ಹಿಡಿಯುವ ಹಕ್ಕು ಯಾರದೆಂಬ ಪ್ರಶ್ನೆ ಎರಡು ರಾಜ್ಯಗಳ ಜಗಳವಾಗಿ ಬೆಳೆದದ್ದು ಹೀಗೆ.

ಸ್ಬಿರ್ರಿ: ಯಾರಿಗೂ ಬೇಡವಾದ ಪೊಲೀಸರು

ಕಾನೂನನ್ನು ಬೀದಿಗೆ ತರುತ್ತಿದ್ದವರು ಸ್ಬಿರ್ರಿ. ಅವರ ನಾಯಕನಿಗೆ ಬಾರ್ಜೆಲ್ಲೊ ಎಂದು ಹೆಸರು. ಸಂಬಳ ಕಡಿಮೆ, ಹಿಡಿದ ಪ್ರತಿ ಕೈದಿಗೆ, ವಸೂಲಾದ ದಂಡಕ್ಕೆ ಇಷ್ಟು ಪಾಲು ಎಂಬ ಲೆಕ್ಕ. ರಾತ್ರಿ ಲಾಂದ್ರ ಹಿಡಿದು ಗಸ್ತು ತಿರುಗುವುದು, ಕತ್ತಿ ಕಟ್ಟಿದವರನ್ನು ತಡೆದು ಪರವಾನಗಿ ಕೇಳುವುದು, ಜೂಜುಕಟ್ಟೆಗಳ ಮೇಲೆ ದಾಳಿ ಮಾಡುವುದು ಅವರ ಕೆಲಸ. ಜನ ಅವರನ್ನು ಕಳ್ಳರಿಗಿಂತ ಕೀಳಾಗಿ ಕಂಡರು. ಸ್ಬಿರ್ರೊ ಎಂಬ ಮಾತು ಇಟಾಲಿಯನ್ ಭಾಷೆಯಲ್ಲಿ ಇಂದಿಗೂ ಪೊಲೀಸರಿಗೆ ಬೈಗುಳ.

ಅವರ ಸ್ಥಿತಿ ಎಂಥದ್ದೆಂದು ತಿಳಿಯಲು 1583ರ ಏಪ್ರಿಲ್ ತಿಂಗಳ ಒಂದು ಘಟನೆ ಸಾಕು. ಓರ್ಸಿನಿ ಎಂಬ ಪ್ರಬಲ ಮನೆತನದ ಹಿಡಿತದಲ್ಲಿದ್ದ ಜಾಗಕ್ಕೆ ನುಗ್ಗಿ ಬಾರ್ಜೆಲ್ಲೊ ಕೆಲವು ದರೋಡೆಕೋರರನ್ನು ಹಿಡಿದ. ದಾರಿಯಲ್ಲಿ ಕುದುರೆ ಏರಿ ಬರುತ್ತಿದ್ದ ರೈಮೊಂದೊ ಓರ್ಸಿನಿ ಮತ್ತು ಅವನ ಗೆಳೆಯರು ಎದುರಾದರು. ನಮ್ಮ ಜಾಗದಲ್ಲಿ ಹಿಡಿದವರನ್ನು ಬಿಟ್ಟುಬಿಡು ಎಂದರು. ಮಾತಿಗೆ ಮಾತು ಬೆಳೆಯಿತು, ಸ್ಬಿರ್ರಿ ಗುಂಡು ಹಾರಿಸಿದರು, ಕುಲೀನರು ಸತ್ತರು. ಮುಂದಿನ ದಿನಗಳಲ್ಲಿ ಕೈಗೆ ಸಿಕ್ಕ ಸ್ಬಿರ್ರಿಗಳನ್ನು ಬೀದಿಯಲ್ಲೇ ಕೊಂದರು. ತಪ್ಪಿಸಿಕೊಂಡ ಬಾರ್ಜೆಲ್ಲೊನನ್ನು ಸರ್ಕಾರವೇ ಹುಡುಕಿ ಹಿಡಿದು ಮರಣದಂಡನೆ ವಿಧಿಸಿತು. ತನ್ನ ಆಜ್ಞೆ ಪಾಲಿಸಿದವನನ್ನೇ ಸರ್ಕಾರ ಬಲಿಗೊಟ್ಟ ಈ ಪ್ರಕರಣವನ್ನು ಓದುವಾಗ ಸ್ಬಿರ್ರಿ ಎಂಬ ಹೆಸರಿಗೆ ಅಂಟಿದ ತಿರಸ್ಕಾರ ಪೂರ್ತಿ ನ್ಯಾಯವಾದದ್ದಲ್ಲ ಎಂದು ನನಗೆ ಅನ್ನಿಸುತ್ತದೆ.

ಕಾಗದದ ಅಂಚಿನಲ್ಲಿ ಒಂದು ಕತ್ತಿ

ಈ ವ್ಯವಸ್ಥೆಯನ್ನು ತೀರ ಹತ್ತಿರದಿಂದ ಕಾಣಲು ಕಾರವಾಜ್ಜೊ ಎಂಬ ಚಿತ್ರಕಾರನ ಪೊಲೀಸ್ ದಾಖಲೆಗಳನ್ನು ಓದಬೇಕು. ಬೆಳಕು–ಕತ್ತಲೆಗಳನ್ನು ಅವನಂತೆ ಬಳಸಿದವರು ಕಡಿಮೆ. ಬೀದಿಜಗಳದಲ್ಲಿಯೂ ಅವನ ಹೆಸರು ಅಷ್ಟೇ ಸಲ ಬರುತ್ತದೆ.

1604ರ ಏಪ್ರಿಲ್ ತಿಂಗಳಲ್ಲಿ ಒಂದು ಊಟದ ಅಂಗಡಿಯ ಮಾಣಿ ಕಾರವಾಜ್ಜೊನ ಮೇಲೆ ದೂರು ಕೊಟ್ಟ. ಎಂಟು ಆರ್ಟಿಚೋಕ್ ತಂದಿಟ್ಟಿದ್ದೆ, ನಾಲ್ಕು ಬೆಣ್ಣೆಯಲ್ಲಿ ಬೆಂದವು, ನಾಲ್ಕು ಎಣ್ಣೆಯಲ್ಲಿ. ಯಾವುದು ಯಾವುದೆಂದು ಕೇಳಿದಾಗ ಮೂಸಿ ನೋಡಿದರೆ ತಿಳಿಯುತ್ತದೆ ಎಂದೆ. ತಟ್ಟೆಯನ್ನೇ ಎತ್ತಿ ನನ್ನ ಮುಖಕ್ಕೆ ಎಸೆದ ಎಂಬುದು ಅವನ ಹೇಳಿಕೆಯ ಸಾರ. ಮರುವರ್ಷ ಮೇ ತಿಂಗಳಲ್ಲಿ ಪರವಾನಗಿಯಿಲ್ಲದೆ ಕತ್ತಿ, ಬಾಕು ಇಟ್ಟುಕೊಂಡಿದ್ದಕ್ಕೆ ಕಾರವಾಜ್ಜೊ ಸಿಕ್ಕಿಬಿದ್ದ. ಆ ವರದಿ ಬರೆದವನು ಜಪ್ತಿಯಾದ ಕತ್ತಿಯ ಮತ್ತು ಬಾಕಿನ ಚಿತ್ರವನ್ನು ಕಾಗದದ ಅಂಚಿನಲ್ಲಿ ಗೀಚಿಟ್ಟಿದ್ದಾನೆ. ಅದೇ 1605ರ ಸೆಪ್ಟೆಂಬರಿನಲ್ಲಿ ಮನೆಯ ಒಡತಿ, ಬಾಡಿಗೆ ಬಾಕಿ ಉಳಿಸಿದ್ದಲ್ಲದೆ ರಾತ್ರಿ ಬಂದು ಕಿಟಕಿಗೆ ಕಲ್ಲು ತೂರಿದನೆಂದು ಅವನ ಮೇಲೆ ಫಿರ್ಯಾದು ಹೂಡಿದಳು.

ಕಿಟಕಿಗೆ ಕಲ್ಲು ತೂರುವುದು ಬರಿಯ ಪುಂಡಾಟವೆಂದು ಆಗ ಯಾರೂ ತಿಳಿಯುತ್ತಿರಲಿಲ್ಲ. ಮನೆಯ ಬಾಗಿಲು ಮನೆಯವರ ಮುಖದಂತೆ. ರಾತ್ರಿ ಬಂದು ಬಾಗಿಲಿಗೆ ಮಸಿಯನ್ನೋ ಹೊಲಸನ್ನೋ ಎರಚಿ, ಕೆಟ್ಟ ಹಾಡು ಹೇಳಿ ಹೋದರೆ ಇಡೀ ಓಣಿಗೆ ಸುದ್ದಿ ಮುಟ್ಟುತ್ತಿತ್ತು. ಮಾನ ಕಳೆಯುವ ಈ ಕೃತ್ಯವನ್ನು ರೋಮ್‌ನ ಕಾನೂನು ಪ್ರತ್ಯೇಕ ಅಪರಾಧವೆಂದು ಗುರುತಿಸಿತ್ತು. ದೂರು ಕೊಟ್ಟವರಲ್ಲಿ ಒಂಟಿ ಹೆಂಗಸರು, ವೇಶ್ಯೆಯರು ಅನೇಕರು. ನ್ಯಾಯಾಲಯದ ಮುಂದೆ ಅವರೂ ಫಿರ್ಯಾದಿಗಳೇ.

ಇಷ್ಟೆಲ್ಲ ಆದರೂ ಕಾರವಾಜ್ಜೊ ಹೆಚ್ಚು ದಿನ ಒಳಗಿರುತ್ತಿರಲಿಲ್ಲ. 1603ರಲ್ಲಿ ಇನ್ನೊಬ್ಬ ಚಿತ್ರಕಾರ ಬಾಲಿಯೋನೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಸೆರೆಯಾದಾಗ ಫ್ರಾನ್ಸಿನ ರಾಯಭಾರಿ ಮಧ್ಯೆ ಬಂದು ಬಿಡಿಸಿದ. ಕಾರ್ಡಿನಲ್ ದೆಲ್ ಮೊಂತೆ ಅವನ ಪೋಷಕ. ಅದೇ ಬೀದಿಯ ಬಡ ಕೆಲಸಗಾರನಿಗೆ ಹೇಳಿಕೇಳುವವರು ಇರಲಿಲ್ಲ. ಅವನ ಪಾಲಿಗೆ ಹಗ್ಗದ ಮೂರು ಎಳೆತ.

ಹಗ್ಗವೇ ಸಾಕ್ಷಿ

ಶಿಕ್ಷೆಗೆ ಬಳಸುತ್ತಿದ್ದ ಈ ಹಗ್ಗವನ್ನೇ ವಿಚಾರಣೆಗೂ ಬಳಸುತ್ತಿದ್ದರು. ಇದರ ಹಿಂದಿನ ತರ್ಕ ವಿಚಿತ್ರವಾದದ್ದು. ಗಂಭೀರ ಅಪರಾಧದಲ್ಲಿ ಶಿಕ್ಷೆ ಕೊಡಬೇಕಾದರೆ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು, ಇಲ್ಲವೇ ಆರೋಪಿಯೇ ಒಪ್ಪಿಕೊಳ್ಳಬೇಕು ಎಂದು ಅಂದಿನ ಕಾನೂನು ಹೇಳುತ್ತಿತ್ತು. ನ್ಯಾಯಾಧೀಶ ಮನಸ್ಸಿಗೆ ಬಂದಂತೆ ತೀರ್ಪು ಕೊಡದಿರಲಿ ಎಂದೇ ಮಾಡಿದ ನಿಯಮ ಇದು. ಆದರೆ ಕತ್ತಲಲ್ಲಿ ನಡೆದ ಕೊಲೆಗೆ ಇಬ್ಬರು ಸಾಕ್ಷಿಗಳು ಎಲ್ಲಿಂದ ಬರಬೇಕು? ಒಪ್ಪಿಗೆಯೊಂದೇ ಉಳಿದ ದಾರಿ. ಆ ಒಪ್ಪಿಗೆಯನ್ನು ಹೊರಡಿಸಲು ಹಗ್ಗ ಬಂತು.

ಇದಕ್ಕೂ ನಿಯಮಗಳಿದ್ದವು. ಮೊದಲು ಅರ್ಧ ಸಾಕ್ಷ್ಯವಾದರೂ ಇರಬೇಕು. ನೋವಿನಲ್ಲಿ ಹೇಳಿದ್ದನ್ನು ಆಮೇಲೆ, ಹಗ್ಗ ಬಿಚ್ಚಿದ ಮೇಲೆ, ಆರೋಪಿ ಮತ್ತೆ ಒಪ್ಪಬೇಕು. ನೋಟರಿ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಪ್ರಶ್ನೆ ಲ್ಯಾಟಿನ್‌ನಲ್ಲಿ, ಉತ್ತರ ಆಡುಮಾತಿನಲ್ಲಿ. ಅಯ್ಯೋ ಅಮ್ಮಾ ಎಂಬ ನರಳಾಟವನ್ನು ಕೂಡ ಅವನ ಲೇಖನಿ ಬಿಡಲಿಲ್ಲ. ಆ ಪುಟಗಳನ್ನು ಇಂದು ಓದುವವರ ಎದೆ ನಡುಗುತ್ತದೆ. ಓದು ಬರಹ ಬಾರದ ಸಾವಿರಾರು ಜನರ ಸ್ವಂತ ಮಾತು ಉಳಿದಿರುವುದೂ ಆ ಪುಟಗಳಲ್ಲಿಯೇ.

1612ರಲ್ಲಿ ಅಂಥ ಪುಟಗಳಲ್ಲಿ ಒಬ್ಬ ಹುಡುಗಿಯ ಹೇಳಿಕೆ ಸೇರಿತು. ಆರ್ತೆಮಿಸಿಯಾ ಜೆಂತಿಲೆಸ್ಕಿ ಚಿತ್ರಕಾರನ ಮಗಳು, ತಾನೂ ಚಿತ್ರಕಾರ್ತಿ. ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಅಗೊಸ್ತಿನೊ ತಾಸ್ಸಿ ಅವಳ ಮೇಲೆ ಅತ್ಯಾಚಾರ ಮಾಡಿ, ಮದುವೆಯಾಗುವ ಭರವಸೆ ಕೊಟ್ಟು, ಮಾತಿಗೆ ತಪ್ಪಿದ. ತಂದೆ ಪೋಪರಿಗೆ ದೂರು ಸಲ್ಲಿಸಿದ. ಆರೋಪಿಯ ಎದುರಿಗೆ ಅವಳನ್ನೇ ಕೂರಿಸಿ, ಬೆರಳುಗಳಿಗೆ ಹುರಿ ಸುತ್ತಿ ಬಿಗಿದರು. ಮಾನಕ್ಕೆ ಕುಂದು ಬಂದ ಹೆಣ್ಣಿನ ಮಾತನ್ನು ನೋವಿನಲ್ಲಿ ಪರೀಕ್ಷಿಸದೆ ನಂಬುವಂತಿಲ್ಲ ಎಂಬುದು ಅಂದಿನ ನ್ಯಾಯಶಾಸ್ತ್ರ. ಕುಂಚ ಹಿಡಿಯುವ ಬೆರಳುಗಳು ಅವು. ಅವಳು ತನ್ನ ಮಾತು ನಿಜ ಎಂದು ಮತ್ತೆ ಮತ್ತೆ ಹೇಳಿದಳು. ತಾಸ್ಸಿಯತ್ತ ತಿರುಗಿ, ನೀನು ಕೊಡುತ್ತೇನೆಂದ ಉಂಗುರ ಇದೇ ಎಂಬರ್ಥದ ಮಾತಾಡಿದಳು. ತಾಸ್ಸಿ ತಪ್ಪಿತಸ್ಥನೆಂದು ತೀರ್ಪಾಯಿತು, ಗಡೀಪಾರಿನ ಶಿಕ್ಷೆಯೂ ಆಯಿತು. ಆದರೆ ದೊಡ್ಡವರ ಕೃಪೆ ಇದ್ದ ಆ ಚಿತ್ರಕಾರ ಮತ್ತೆ ರೋಮ್‌ನಲ್ಲೇ ಕೆಲಸ ಮಾಡಿಕೊಂಡಿದ್ದ. ಅವಳು ಮದುವೆಯಾಗಿ ಫ್ಲಾರೆನ್ಸಿಗೆ ಹೋಗಿ, 1616ರಲ್ಲಿ ಅಲ್ಲಿನ ಚಿತ್ರಕಲಾ ಅಕಾಡೆಮಿಯ ಸದಸ್ಯತ್ವ ಪಡೆದ ಮೊದಲ ಹೆಣ್ಣುಮಗಳಾದಳು.

ಅದಕ್ಕೂ ಮೊದಲು ಇಡೀ ರೋಮ್ ಕಣ್ಣೀರಿಟ್ಟ ಪ್ರಕರಣ ಬಿಯಾತ್ರಿಚೆ ಚೆಂಚಿಯದು. ಅವಳ ತಂದೆ ಫ್ರಾನ್ಚೆಸ್ಕೊ ಚೆಂಚಿ ಸಿರಿವಂತ, ಕ್ರೂರಿ. ಮಗಳನ್ನೂ ಎರಡನೆಯ ಹೆಂಡತಿಯನ್ನೂ ದೂರದ ಕೋಟೆಯಲ್ಲಿ ಕೂಡಿಹಾಕಿದ್ದ. 1598ರಲ್ಲಿ ಅವನ ಕೊಲೆಯಾಯಿತು. ಮನೆಯವರನ್ನೆಲ್ಲ ಹಿಡಿದು ಹಗ್ಗಕ್ಕೆ ಏರಿಸಿದರು. ಹೆಸರಾಂತ ವಕೀಲ ಪ್ರೊಸ್ಪೆರೊ ಫರಿನಾಚ್ಚಿ ಅವರ ಪರ ವಾದಿಸಿದ. 8ನೇ ಕ್ಲೆಮೆಂಟ್ ಪೋಪ್ ಕ್ಷಮೆ ನೀಡಲಿಲ್ಲ. 1599ರ ಸೆಪ್ಟೆಂಬರ್ 11ರಂದು ಸಾಂತಾಂಜೆಲೊ ಸೇತುವೆಯ ಬಳಿ ಬಿಯಾತ್ರಿಚೆ, ಅವಳ ಮಲತಾಯಿ, ಅಣ್ಣ ಮೂವರಿಗೂ ಮರಣದಂಡನೆಯಾಯಿತು. ಎಳೆಯ ತಮ್ಮನನ್ನು ಅದನ್ನೆಲ್ಲ ನೋಡುವಂತೆ ಅಲ್ಲೇ ನಿಲ್ಲಿಸಿದ್ದರು. ಆಸ್ತಿ ಜಪ್ತಿಯಾಯಿತು.

ಮುಚ್ಚಳಿಕೆ, ರಾಜಿ, ಕ್ಷಮಾಪಣೆ

ದಫ್ತರುಗಳನ್ನು ತಿರುವಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬಹಳಷ್ಟು ಜಗಳಗಳು ತೀರ್ಪಿನವರೆಗೆ ಹೋಗುತ್ತಲೇ ಇರಲಿಲ್ಲ. ಇನ್ನು ಮುಂದೆ ಇಂಥವರ ತಂಟೆಗೆ ಹೋಗುವುದಿಲ್ಲ ಎಂದು ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. ಹೊಡೆದವನೂ ಹೊಡೆಸಿಕೊಂಡವನೂ ನೋಟರಿಯ ಮುಂದೆ ಬಂದು ರಾಜಿಪತ್ರಕ್ಕೆ ಸಹಿ ಹಾಕುತ್ತಿದ್ದರು. ಅದಕ್ಕೆ ಪಾಚೆ, ಅಂದರೆ ಶಾಂತಿ, ಎಂದೇ ಹೆಸರು. ನೊಂದವರು ಪಾಚೆಗೆ ಒಪ್ಪಿದರೆ ಸರ್ಕಾರದ ಕ್ಷಮೆ ಸಿಗುವುದು ಸುಲಭವಾಗುತ್ತಿತ್ತು. ಮನೆತನಗಳ ನಡುವಣ ಹಗೆ ತಲೆಮಾರುಗಟ್ಟಲೆ ಎಳೆಯದಂತೆ ತಡೆದದ್ದು ಎಷ್ಟೋ ಸಲ ಈ ರಾಜಿಪತ್ರಗಳೇ.

1605ರ ಜುಲೈನಲ್ಲಿ ಕಾರವಾಜ್ಜೊ ಒಬ್ಬ ನೋಟರಿಗೆ ಹಿಂದಿನಿಂದ ಬಂದು ಕತ್ತಿಯಿಂದ ಹೊಡೆದು ಜೆನೋವಾಕ್ಕೆ ಓಡಿಹೋಗಿದ್ದ. ಆಗಸ್ಟ್‌ನಲ್ಲಿ ಮರಳಿ ಬಂದು ತಪ್ಪೊಪ್ಪಿಕೊಂಡು ಶಾಂತಿಪತ್ರ ಬರೆದುಕೊಟ್ಟ. ಆದರೆ 1606ರ ಮೇ 28ರಂದು ರನುಚ್ಚೊ ತೊಮಾಸ್ಸೋನಿ ಎಂಬವನನ್ನು ಕೊಂದಾಗ ಪತ್ರದಿಂದ ಮುಗಿಯಲಿಲ್ಲ. ಅವನ ಮೇಲೆ ಮರಣದ ಬಂಡೋ ಎಂಬ ಸಾರ್ವಜನಿಕ ಆಜ್ಞೆ ಹೊರಟಿತು. ಪೋಪರ ರಾಜ್ಯದಲ್ಲಿ ಎಲ್ಲಿ ಸಿಕ್ಕರೂ ಯಾರು ಬೇಕಾದರೂ ಅವನನ್ನು ಕೊಲ್ಲಬಹುದಿತ್ತು. ನೇಪಲ್ಸ್, ಮಾಲ್ಟಾ, ಸಿಸಿಲಿಗಳಲ್ಲಿ ಅಲೆದು, ಕ್ಷಮೆ ಸಿಕ್ಕೀತೆಂಬ ಆಸೆಯಲ್ಲಿ ರೋಮ್ ಕಡೆಗೆ ಹೊರಟವನು 1610ರ ಜುಲೈನಲ್ಲಿ ದಾರಿಯಲ್ಲೇ ತೀರಿಕೊಂಡ.

ಇದರ ಪಕ್ಕದಲ್ಲಿ ಕನ್ನಡಿಗರಿಗೆ ಪರಿಚಿತನಾದ ಒಬ್ಬ ರೋಮನ್ನನನ್ನು ಇಟ್ಟು ನೋಡಬೇಕು. ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ ಕಂಡವನು. ದೇವಸ್ಥಾನದ ಜಗಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತ ರಾಗವಾಗಿ ಪಾಠ ಹೇಳುತ್ತಿದ್ದುದನ್ನು, ಗಂಡನ ಚಿತೆ ಏರಲು ಹೊರಟ ಹೆಂಗಸನ್ನು ಮಾತಾಡಿಸಿದ್ದನ್ನು ಅವನು ಬರೆದಿಟ್ಟಿದ್ದಾನೆ. ನಮ್ಮ ಚರಿತ್ರೆ ಬರೆಯುವವರಿಗೆ ಅವನ ಪತ್ರಗಳು ದೊಡ್ಡ ಆಕರ. ಊರಿಗೆ ಮರಳಿದ ಈ ಕುಲೀನ 1636ರಲ್ಲಿ, ಪೋಪರಿಗೆ ಸೇರಿದ ಸೇವಕನೊಬ್ಬನನ್ನು ಜಗಳದಲ್ಲಿ ಕೊಂದು ರೋಮ್ ಬಿಟ್ಟು ಓಡಬೇಕಾಯಿತು. ಹೆಚ್ಚು ಕಾಲವಾಗುವ ಮೊದಲೇ ಕ್ಷಮೆ ಸಿಕ್ಕಿತು. 1652ರಲ್ಲಿ ಅವನು ತನ್ನ ಊರಲ್ಲೇ ಸತ್ತ. ಚಿತ್ರಕಾರನಿಗೆ ನಾಲ್ಕು ವರ್ಷ ಅಲೆದರೂ ಕೈಗೆಟುಕದ ಕ್ಷಮೆ ಹಳೆಯ ಮನೆತನದವನಿಗೆ ಬೇಗ ದೊರಕಿತು.

ಬಂಡೋದಿಂದ ಬಂದಿತೊ

ಬಂಡೋ ಎಂದರೆ ಸಾರಿದ ಆಜ್ಞೆ. ತುತ್ತೂರಿ ಊದಿ ಕೂಗಿ ಹೇಳಿ, ಅಚ್ಚಾದ ಹಾಳೆಯನ್ನು ಗೋಡೆಗೆ ಅಂಟಿಸಿದರೆ ಅದು ಜಾರಿಗೆ ಬಂದಂತೆ. ಬಂಡೋದಿಂದ ಹೊರಹಾಕಲ್ಪಟ್ಟವನು ಬಂದಿತೊ. ಇಂಗ್ಲಿಷಿನ ಬ್ಯಾಂಡಿಟ್ ಬಂದದ್ದು ಇಲ್ಲಿಂದ. ಊರಿಂದ ಹೊರಹಾಕಿದವರಿಗೆ ಬದುಕಲು ದಾರಿ ಬೇಕಲ್ಲ. ಗಡಿಯ ಕಾಡುಗಳಲ್ಲಿ ಗುಂಪು ಕಟ್ಟಿ ದಾರಿಹೋಕರನ್ನು ದೋಚಿದರು. ಹೀಗೆ ಗಡೀಪಾರಿನ ಕಾನೂನೇ ದರೋಡೆಗೆ ಆಳುಗಳನ್ನು ಒದಗಿಸಿತು. ಕುಲೀನರು ಅವರನ್ನು ಸಾಕಿ ತಮ್ಮ ಹಗೆ ತೀರಿಸಲು ಬಳಸಿಕೊಂಡರು.

1585ರಲ್ಲಿ ಪೋಪರಾದ 5ನೇ ಸಿಕ್ಸ್ಟಸ್ ಇದನ್ನು ತುಳಿದುಹಾಕಲು ನಿಂತರು. ಪಟ್ಟಾಭಿಷೇಕಕ್ಕೂ ಮೊದಲೇ ನಿಷೇಧಿತ ಬಂದೂಕು ಇಟ್ಟುಕೊಂಡ ಯುವಕರನ್ನು ಗಲ್ಲಿಗೇರಿಸಿದರು. ಸಾಂತಾಂಜೆಲೊ ಸೇತುವೆಯ ಮೇಲೆ ದರೋಡೆಕೋರರ ತಲೆಗಳನ್ನು ಸಾಲಾಗಿ ಇಡಿಸಿದರು. ಸಂತೆಗೆ ಬಂದ ಕರ್ಬೂಜಕ್ಕಿಂತ ಸೇತುವೆಯ ಮೇಲಿನ ತಲೆಗಳೇ ಹೆಚ್ಚೆಂದು ಅಂದಿನ ಸುದ್ದಿಪತ್ರವೊಂದು ಬರೆಯಿತು.

ಈ ಪೋಪರ ಸ್ವಂತ ಕುಟುಂಬದ ಕಥೆ ಆ ಕಾಲದ ಕಾನೂನಿಗೆ ಹಿಡಿದ ಕನ್ನಡಿ. 1581ರಲ್ಲಿ, ಅವರಿನ್ನೂ ಕಾರ್ಡಿನಲ್ ಆಗಿದ್ದಾಗ, ಅವರ ಸೋದರಿಯ ಮಗ ಫ್ರಾನ್ಚೆಸ್ಕೊ ಪೆರೆತ್ತಿಯ ಕೊಲೆಯಾಯಿತು. ಅವನ ಹೆಂಡತಿ ವಿತ್ತೋರಿಯಾ ಅಕ್ಕೊರಂಬೋನಿ ಚೆಲುವೆ. ಅವಳನ್ನು ಬಯಸಿದ್ದ ಬ್ರಾಚ್ಚಾನೊದ ಡ್ಯೂಕ್ ಪಾವ್ಲೊ ಜೋರ್ದಾನೊ ಓರ್ಸಿನಿಯೇ ಮಾಡಿಸಿದನೆಂದು ಊರಿಗೆಲ್ಲ ಗೊತ್ತು. ಓರ್ಸಿನಿ ಮನೆತನವನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಕಾರ್ಡಿನಲ್ ಬಾಯಿ ಬಿಡಲಿಲ್ಲ. ನಾಲ್ಕು ವರ್ಷಗಳ ಮೇಲೆ ಅದೇ ಕಾರ್ಡಿನಲ್ ಪೋಪರಾದ ಕೂಡಲೇ ಡ್ಯೂಕ್ ವಿತ್ತೋರಿಯಾಳನ್ನು ಕರೆದುಕೊಂಡು ವೆನಿಸ್ ರಾಜ್ಯಕ್ಕೆ ಓಡಿದ. ಹೊಸ ಸಾಕ್ಷಿ ಒಂದೂ ಸಿಕ್ಕಿರಲಿಲ್ಲ. ಸಿಂಹಾಸನದ ಮೇಲೆ ಕೂತವರು ಬದಲಾಗಿದ್ದರು. ಆ ನವೆಂಬರಿನಲ್ಲಿ ಡ್ಯೂಕ್ ತೀರಿಕೊಂಡ. ಡಿಸೆಂಬರಿನಲ್ಲಿ ಅವನ ಬಂಧು ಲುದೊವಿಕೊ ಓರ್ಸಿನಿ ಆಸ್ತಿಗಾಗಿ ಪಾದೋವಾದಲ್ಲಿ ವಿತ್ತೋರಿಯಾಳನ್ನು ಕೊಲ್ಲಿಸಿದ. ವೆನಿಸ್ ತಡಮಾಡಲಿಲ್ಲ. ಕೆಲವೇ ದಿನಗಳಲ್ಲಿ ಲುದೊವಿಕೊನನ್ನು ಹಿಡಿದು ಸೆರೆಮನೆಯಲ್ಲೇ ಕತ್ತು ಬಿಗಿಸಿ ಕೊಂದಿತು. ಓರ್ಸಿನಿಗಳ ಹೆಸರಿಗೆ ಅಲ್ಲಿ ಹೆದರುವವರು ಇರಲಿಲ್ಲ.

ಪೋಪ್ ಇಲ್ಲದ ದಿನಗಳು

ಒಬ್ಬ ಪೋಪ್ ಸತ್ತು ಇನ್ನೊಬ್ಬರ ಆಯ್ಕೆಯಾಗುವ ತನಕ ರೋಮ್‌ನ ಕಾನೂನು ಸಡಿಲವಾಗುತ್ತಿತ್ತು. ನ್ಯಾಯಾಧೀಶರ ಅಧಿಕಾರವೆಲ್ಲ ಸತ್ತವರ ಹೆಸರಿನಲ್ಲಿ ಇದ್ದದ್ದು. ಕೈದಿಗಳನ್ನು ಬಿಡುಗಡೆ ಮಾಡುತ್ತಿದ್ದರು. ಹಳೆಯ ಹಗೆ ತೀರಿಸಲು ಜನ ಈ ವಾರಗಳಿಗೇ ಕಾಯುತ್ತಿದ್ದರು. 1559ರ ಆಗಸ್ಟ್‌ನಲ್ಲಿ ಕಠಿಣ ಸ್ವಭಾವದ 4ನೇ ಪಾಲ್ ತೀರಿಕೊಂಡಾಗ ಜನ ಇನ್‌ಕ್ವಿಸಿಷನ್ ಕಟ್ಟಡಕ್ಕೆ ಬೆಂಕಿಯಿಟ್ಟು, ಸೆರೆಯಾಳುಗಳನ್ನು ಬಿಡಿಸಿದರು. ಪೋಪರ ಪ್ರತಿಮೆಯ ತಲೆ ಒಡೆದು ಬೀದಿಯಲ್ಲಿ ಉರುಳಿಸಿ ಟೈಬರ್ ನದಿಗೆ ಎಸೆದರು.

ವೆನಿಸ್‌ನಲ್ಲಿ ಇಂಥ ಬಿರುಕು ಇರಲಿಲ್ಲ. ಗಣರಾಜ್ಯದ ಮುಖ್ಯಸ್ಥನಾದ ಡೋಜೆ ಸತ್ತರೂ ಸಭೆಗಳು ಮುಂದುವರಿಯುತ್ತಿದ್ದವು. 1310ರಲ್ಲಿ ಸ್ಥಾಪನೆಯಾದ ಹತ್ತು ಜನರ ಮಂಡಲಿ ರಾಜ್ಯದ್ರೋಹದಿಂದ ಹಿಡಿದು ಕುಲೀನರ ಪುಂಡಾಟದವರೆಗೆ ಎಲ್ಲವನ್ನೂ ಗುಟ್ಟಾಗಿ ವಿಚಾರಿಸುತ್ತಿತ್ತು. ದೂರು ಹಾಕಲು ಗೋಡೆಗಳಲ್ಲಿ ಕಲ್ಲಿನ ಬಾಯಿಗಳನ್ನು ಕೊರೆಸಿದ್ದರು. ಅಪರಾಧ ಮಾಡಿದ ಇಬ್ಬರು ಪಾದ್ರಿಗಳನ್ನು ತಾನೇ ವಿಚಾರಿಸುವೆನೆಂದು ವೆನಿಸ್ ಹಟ ಹಿಡಿದಾಗ 1606ರಲ್ಲಿ 5ನೇ ಪಾಲ್ ಪೋಪ್ ಇಡೀ ರಾಜ್ಯಕ್ಕೆ ಧಾರ್ಮಿಕ ಬಹಿಷ್ಕಾರ ಹಾಕಿದರು. ಪಾವ್ಲೊ ಸಾರ್ಪಿ ಎಂಬ ಸನ್ಯಾಸಿಯ ವಾದದ ಬಲದಿಂದ ವೆನಿಸ್ ಬಗ್ಗಲಿಲ್ಲ. ಮರುವರ್ಷ ಬಹಿಷ್ಕಾರ ತೆರವಾಯಿತು; ಅದೇ ವರ್ಷ ಅಕ್ಟೋಬರಿನಲ್ಲಿ ಸಾರ್ಪಿಯನ್ನು ಇರಿದರು, ಅವನು ಬದುಕಿಕೊಂಡ.

ಮಿಲಾನಿನ ಕಂಬ

1630ರಲ್ಲಿ ಮಿಲಾನ್ ಪ್ಲೇಗಿನಿಂದ ಸಾಯುತ್ತಿತ್ತು. ಜೂನ್ 21ರ ಬೆಳಿಗ್ಗೆ ಕಿಟಕಿಯಿಂದ ನೋಡುತ್ತಿದ್ದ ಹೆಂಗಸೊಬ್ಬಳಿಗೆ ಒಬ್ಬ ಮನುಷ್ಯ ಗೋಡೆಗೆ ಒತ್ತಿಕೊಂಡು, ಕೈ ಸವರುತ್ತ ನಡೆದದ್ದು ಕಂಡಿತು. ರೋಗ ಹರಡುವ ಮುಲಾಮು ಬಳಿಯುತ್ತಿದ್ದಾನೆಂಬ ಕೂಗೆದ್ದಿತು. ಹಿಡಿದದ್ದು ಗುಲಿಯೆಲ್ಮೊ ಪಿಯಾಜ್ಜಾ ಎಂಬ ಆರೋಗ್ಯ ಇಲಾಖೆಯ ನೌಕರನನ್ನು. ಹಗ್ಗಕ್ಕೆ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಹೆಸರು ಹೇಳಿದರೆ ಬಿಡುತ್ತೇವೆ ಎಂದರು. ಅವನು ಜಾನ್ ಜಾಕೊಮೊ ಮೋರಾ ಎಂಬ ಕ್ಷೌರಿಕನ ಹೆಸರು ಹೇಳಿದ. ಮೋರಾನೂ ಹಗ್ಗದ ಮೇಲೆ ಒಪ್ಪಿಕೊಂಡ. ಅರ್ಧ ಸಾಕ್ಷ್ಯ, ಒಪ್ಪಿಗೆ, ಆಮೇಲಿನ ದೃಢೀಕರಣ ಎಂಬ ನಿಯಮಗಳೆಲ್ಲ ಕಾಗದದ ಮೇಲೆ ಇದ್ದವು. ಇಬ್ಬರನ್ನೂ ಚಿತ್ರಹಿಂಸೆ ಕೊಟ್ಟು ಕೊಂದರು. ಮೋರಾನ ಮನೆಯನ್ನು ನೆಲಸಮ ಮಾಡಿ, ಆ ಜಾಗದಲ್ಲಿ ಮತ್ತೆಂದೂ ಮನೆ ಕಟ್ಟಬಾರದೆಂದು ಶಾಸನ ಕೆತ್ತಿಸಿ ಕಂಬ ನಿಲ್ಲಿಸಿದರು. ಜನ ಅದನ್ನು ಅಪಕೀರ್ತಿಯ ಕಂಬ ಎಂದು ಕರೆದರು.

ಅದೇ ಮಿಲಾನಿನಲ್ಲಿ ನೂರಮೂವತ್ತು ವರ್ಷಗಳ ಮೇಲೆ ಗೆಳೆಯರ ಒಂದು ಗುಂಪು ಸೇರಿತು. ಅವರಲ್ಲಿ ಒಬ್ಬನಾದ ಚೆಸಾರೆ ಬೆಕ್ಕಾರಿಯಾ 1764ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅಪರಾಧ ಮತ್ತು ಶಿಕ್ಷೆಗಳ ಕುರಿತ ತನ್ನ ಪುಸ್ತಕವನ್ನು ಹೆಸರು ಹಾಕದೆ ಪ್ರಕಟಿಸಿದ. ಗಟ್ಟಿ ಮೈಯ ಅಪರಾಧಿ ಹಗ್ಗದಿಂದ ಬಿಡುಗಡೆ ಪಡೆಯುತ್ತಾನೆ, ಬಡಕಲು ನಿರಪರಾಧಿ ಸಾಯುತ್ತಾನೆ ಎಂಬುದು ಅವನ ವಾದದ ತಿರುಳು. ಯುರೋಪಿನ ಹಲವು ಭಾಷೆಗಳಿಗೆ ಆ ಪುಸ್ತಕ ಹೋಯಿತು. ಗೆಳೆಯ ಪಿಯೆತ್ರೊ ವೆರ್ರಿ ಪಿಯಾಜ್ಜಾ ಮತ್ತು ಮೋರಾ ಪ್ರಕರಣದ ದಾಖಲೆಗಳನ್ನೇ ಬಿಡಿಸಿ ಓದಿ ಚಿತ್ರಹಿಂಸೆಯ ವಿರುದ್ಧ ಬರೆದ. ಬೆಕ್ಕಾರಿಯಾನ ಮೊಮ್ಮಗ, ಕಾದಂಬರಿಕಾರ ಅಲೆಸ್ಸಾಂದ್ರೊ ಮಾಂಜೋನಿ, ಮುಂದೆ ಅದೇ ಪ್ರಕರಣದ ಮೇಲೆ ಒಂದು ಪುಸ್ತಕ ಬರೆದು, ಆ ನ್ಯಾಯಾಧೀಶರು ಅಂದಿನ ಕಾನೂನಿನ ಪ್ರಕಾರವೂ ತಪ್ಪು ಮಾಡಿದ್ದರು ಎಂದು ತೋರಿಸಿದ.

1786ರ ನವೆಂಬರ್ 30ರಂದು ಟಸ್ಕನಿಯ ದೊರೆ ಪಿಯೆತ್ರೊ ಲಿಯೊಪೊಲ್ದೊ ತನ್ನ ರಾಜ್ಯದಲ್ಲಿ ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ತೆಗೆದುಹಾಕಿದ. ಟಸ್ಕನಿಯಲ್ಲಿ ಇಂದಿಗೂ ಆ ದಿನ ನಾಡಹಬ್ಬ. ಪೋಪರ ರಾಜ್ಯದಲ್ಲಿ ಮರಣದಂಡನೆ 1870ರವರೆಗೆ ನಡೆಯಿತು; ವ್ಯಾಟಿಕನ್ ತನ್ನ ಕಾನೂನಿನಿಂದ ಅದನ್ನು ಅಳಿಸಿದ್ದು 1969ರಲ್ಲಿ. ಮಿಲಾನಿನ ಕಂಬವನ್ನು 1778ರಲ್ಲಿ ಕೆಡವಿದರು. ಪಿಯಾಜ್ಜಾ ಮತ್ತು ಮೋರಾರ ಹೆಸರು ಕೆತ್ತಿದ ಅದರ ಶಾಸನದ ಕಲ್ಲು ಈಗ ಅದೇ ಊರಿನ ಸ್ಫೋರ್ಜಾ ಕೋಟೆಯಲ್ಲಿದೆ.